ಗಂಗಾಧರನ ಗಾಡಿ, ಗುಬ್ಬಿಹಟ್ಟಿಯ ಕುರಿ

ಗುಬ್ಬಿಹಟ್ಟಿಯ ಕುರಿಗಳನ್ನು ಗಂಗಾಧರ ಎಣಿಸಿದ್ದು ಕೊಟ್ಟೂರಿನ ಒಂದು ಚಹಾದಂಗಡಿಯಲ್ಲಿ ಕೂತು. ಜಾನುವಾರು ಗಣತಿಗೆಂದು ದಿನಗೂಲಿಯ ಮೇಲೆ ತೆಗೆದುಕೊಂಡ ಮಂದಿಯಲ್ಲಿ ಅವನೂ ಒಬ್ಬ. ಹನ್ನೊಂದು ಊರು ಸುತ್ತಿ ಎತ್ತು, ಎಮ್ಮೆ, ಕೋಳಿ, ಕೊನೆಗೆ ಕಚ್ಚಲು ಬಂದ ನಾಯಿಯನ್ನೂ ಬಿಡದೆ ಪ್ರಾಮಾಣಿಕವಾಗಿ ಎಣಿಸಿದ್ದ. ಹನ್ನೆರಡನೆಯದು ಗುಬ್ಬಿಹಟ್ಟಿ. ಅಲ್ಲಿಗೆ ಹೋಗುವ ದಾರಿಯೆಂದರೆ ಎರೆಹೊಲ, ಮರಳಿನ ಹಳ್ಳ, ಜಾಲಿಮುಳ್ಳು. ಸಂಖ್ಯೆ ಬರೆದರೆ ಕುರಿಯವರ ಹೆಸರು, ಹೆಬ್ಬೆಟ್ಟು ಎಲ್ಲ ಬೇಕು. ಸೊನ್ನೆ ಬರೆದರೆ ಯಾರ ಹೆಬ್ಬೆಟ್ಟೂ ಬೇಡ. ಎರಡನೇ ಚಹಾ ಬರುವಷ್ಟರಲ್ಲಿ ಕುರಿಯ ಕಾಲಮ್ಮಿನಲ್ಲಿ ದುಂಡಗೆ ಒಂದು ಸೊನ್ನೆ ಬಿದ್ದಿತ್ತು.

ಪುಷ್ಯಮಾಸದ ಒಂದು ಬೆಳಿಗ್ಗೆ ಆ ಸೊನ್ನೆ ಎದ್ದು ಕೂತಿತು. ಗಣತಿಯ ಮೇಲ್ವಿಚಾರಣೆಯ ಸಾಹೇಬರ ಜೀಪು ಓಡಿಸುವ ಜಂಬಯ್ಯ ಫೋನ್ ಮಾಡಿದ.

“ಗಂಗಣ್ಣ, ಇನ್ನೂ ಹಾಸಿಗ್ಯಾಗ ಅದಿಯೇನು? ಸಾಹೇಬ್ರು ಎಂಟಕ್ಕ ಗುಬ್ಬಿಹಟ್ಟಿಗೆ ಹೊಂಟಾರ. ಹಟ್ಟಿ ಅಂತ ಹೆಸರಿಟ್ಕಂಡು ಒಂದು ಕುರಿ ಇಲ್ಲಾಂದ್ರ ಅದೆಂಥಾ ಹಟ್ಟಿ ಅಂತ ರಾತ್ರಿಯಿಂದ ಒಂದೇ ಸಮ ಕೇಳಾಕತ್ತಾರ. ಸುಳ್ಳು ಬರ್ದಿದ್ರ ಇವತ್ತ ಮನಿಗೆ ಕಳಸ್ತಾರಂತ!”

ಗಂಗಾಧರ ಹಾಸಿಗೆಯಿಂದ ಜಿಗಿದೆದ್ದ. ಮದುವೆಯಾದ ಮೇಲೆ ಇದು ಅವನ ನಾಲ್ಕನೇ ಕೆಲಸ. ಹಿಂದಿನ ಮೂರೂ ಹೋದಾಗ ಮಾವ ಹಡಗಲಿಯಿಂದ ಬಸ್ಸು ಹಿಡಿದು ಬಂದು, ಕಟ್ಟೆಯ ಮೇಲೆ ಕೂತು, ಓಣಿಗೆಲ್ಲ ಕೇಳುವಂತೆ ಬುದ್ಧಿ ಹೇಳಿ ಹೋಗಿದ್ದ. ಈ ಸಲ ಹಾಗಲ್ಲ. ಮಾರ್ಚಿಗೆ ಒಬ್ಬನನ್ನು ಕಾಯಂ ಮಾಡುತ್ತಾರೆಂಬ ಸುದ್ದಿಯಿತ್ತು. ಆ ಒಬ್ಬ ತನ್ನ ಗಂಡನೇ ಎಂದು ಯಶೋಧಾ ಮನೆದೇವರಿಗೆ ಹೇಳಿಯೂ ಆಗಿತ್ತು.

ಜೀಪು ಹೋಗಬೇಕಾದ್ದು ಡಾಂಬರು ರಸ್ತೆಯಲ್ಲಿ, ಬಳಸು ದಾರಿ. ಹೊಲದಲ್ಲಿ ಹಾದರೆ ಏಳೇ ಕಿಲೋಮೀಟರು. ಸಾಹೇಬರಿಗಿಂತ ಮೊದಲು ಮುಟ್ಟಿ, ಹಟ್ಟಿಯವರ ಕೈಕಾಲು ಹಿಡಿದಾದರೂ ಸರಿ, ಕುರಿಗಳನ್ನು ಒಂದು ತಾಸು ಗುಡ್ಡದ ಹಿಂದಕ್ಕೆ ಹೊಡೆಸಿಬಿಟ್ಟರೆ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಇದಕ್ಕೆ ಬೇಕಾದ ಗಾಡಿಯೂ ಅವನ ಬಳಿ ಇತ್ತು.

ಅದೊಂದು ಬ್ಯಾಟ್ರಿ ಗಾಡಿ. ಪೆಟ್ರೋಲು ಬೇಡ, ಲೈಸೆನ್ಸು ಬೇಡ ಅಂತ ದಾವಣಗೆರೆಯಿಂದ ತಂದಿದ್ದ. ಮೊದಲನೇ ದಿನವೇ ಅದರ ತೆಳ್ಳನೆಯ ಗಾಲಿ ಎರೆಮಣ್ಣಿನಲ್ಲಿ ಹೂತುಕೊಂಡಿತ್ತು. ಹೋದ ವಾರ ಮೆಕ್ಯಾನಿಕ್ ಪಾಲಾಕ್ಷಪ್ಪ ಮಡ್‌ಗಾರ್ಡ್ ಕತ್ತರಿಸಿ, ಕಬ್ಬಿಣ ಬೆಸೆದು, ಹಳೇ ಪವರ್ ಟಿಲ್ಲರಿನ ಹಲ್ಲುಹಲ್ಲಿನ ಟೈರುಗಳನ್ನು ಕೂರಿಸಿದ. ಈಗ ಗಾಡಿ, ಕೂಸೊಂದು ಅಪ್ಪನ ಚಪ್ಪಲಿ ಹಾಕಿಕೊಂಡು ನಿಂತ ಹಾಗೆ ಕಾಣುತ್ತಿತ್ತು. ಆ ಗಡಿಬಿಡಿಯಲ್ಲಿ ಪಾಲಾಕ್ಷಪ್ಪ ಹಾರ್ನಿನ ವೈರನ್ನೂ ಕತ್ತರಿಸಿದ್ದ. “ಸದ್ದು ಮಾಡ್ಲಾರದ ಗಾಡಿಗೆ ಹಾರ್ನ್ ಯಾಕಪ್ಪ?” ಎಂಬುದು ಅವನ ವಾದ.

ಗಾಡಿ ಹೊರಗೆ ತಂದಾಗ ಎದುರು ಮನೆಯ ಹಂಪಕ್ಕ ಹಾಲಿನ ಗಿಂಡಿ ಹಿಡಿದು ಅಡ್ಡ ನಿಂತಳು. ಆ ಓಣಿಯಲ್ಲಿ ಹಂಪಕ್ಕನಿಗೆ ತಿಳಿಸದೆ ಬೆಕ್ಕು ಕೂಡ ಹೊರಗೆ ಹೋಗುವಂತಿರಲಿಲ್ಲ.

“ಇಂಥಾ ಥಂಡ್ಯಾಗ ಬರೀ ಸ್ವೆಟರ್ ಮ್ಯಾಲ ಹೊಂಟಿಯಲ್ಲೋ ಯಪ್ಪಾ! ಮಂಜು ನೋಡು, ಮುಂದಿನ ಮನಿ ಕಾಣವಲ್ದು. ನಮ್ಮನಿಯಾರ ಕಂಬಳಿ ಐತಿ, ಕೊಪ್ಪಿ ಹಾಕ್ಕೋ.”

“ಬ್ಯಾಡಬೇ ಅಕ್ಕ, ಹೊತ್ತಾತು.”

“ಹಾಕ್ಕೋರಿ ಅಂತೀನಿ!” ಎಂದು ಒಳಗಿನಿಂದ ಯಶೋಧಾ ಕೂಗಿದಳು. ಅಲ್ಲಿಗೆ ಮಾತು ಮುಗಿಯಿತು. ಕರೀ ಕಂಬಳಿಯ ಕೊಪ್ಪೆ ತಲೆಯಿಂದ ಮೊಣಕಾಲಿನವರೆಗೆ ಇಳಿಯಿತು. ಕನ್ನಡಿಯಲ್ಲಿ ನೋಡಿಕೊಂಡಿದ್ದರೆ ಗಂಗಾಧರ ತನ್ನನ್ನೇ ಕುರಿ ಕಾಯುವವನೆಂದುಕೊಂಡು ನಮಸ್ಕಾರ ಮಾಡುತ್ತಿದ್ದನೇನೋ.

ಊರು ದಾಟಿ ಗಾಡಿ ಹೊಲಕ್ಕಿಳಿಯಿತು. ಆಹಾ, ಟೈರೆಂದರೆ ಟೈರು! ಎರೆಮಣ್ಣನ್ನು ರೊಟ್ಟಿ ಹಿಟ್ಟಿನಂತೆ ತುಳಿದುಕೊಂಡು ಸಾಗಿ ಬದು ಹತ್ತಿತು. ಎದುರು ಬಂದವರಿಗೆ ದಾರಿ ಬಿಡಲು ಗಂಗಾಧರ ಅರೆಗಳಿಗೆ ನಿಲ್ಲಿಸಿದ. ಆದರೆ ಬದುವಿನ ಮೇಲೆ ಬರುತ್ತಿದ್ದ ಕರಿಸಿದ್ದಪ್ಪ, ದುರುಗಪ್ಪ ಎಂಬಿಬ್ಬರು ರೈತರಿಗೆ ಕಂಡದ್ದು ಇಷ್ಟೇ: ಗಾಡಿಯ ಮೇಲೊಬ್ಬ ಕೂತಿದ್ದಾನೆ, ಗಾಡಿ ಮಾತ್ರ ಬಂದ್ ಆಗಿದೆ.

“ಪಾಪ, ಸ್ಟಾರ್ಟ್ ಆಗವಲ್ದು ಕಾಣತೈತಿ. ಹಿಡಿಯಲೇ ದುರುಗ, ನೂಕೋಣು!”

“ಬ್ಯಾಡ್ರಿ ಯಣ್ಣಾ, ಚಾಲೂ ಐತಿ!”

“ಎಲ್ಲಿ ಚಾಲೂ? ಸದ್ದ ಇಲ್ಲ! ನಾಚಿಕಿ ಮಾಡ್ಕೋಬ್ಯಾಡಪ, ಮನಷಾಗ ಮನಷಾ ಆಗಬೇಕು.”

ಇಬ್ಬರೂ ಹಿಂದಿನಿಂದ ದಬಾಯಿಸಿ ನೂಕಿದರು. ತಪ್ಪಿಸಿಕೊಳ್ಳಲು ಗಂಗಾಧರ ಆಕ್ಸಿಲರೇಟರ್ ತಿರುವಿದ. ಗಾಡಿ ಚಂಗನೆ ಹಾರಿತು. ನೂಕುತ್ತಿದ್ದವರು ಒಬ್ಬರ ಮೇಲೊಬ್ಬರು ಬೋರಲು ಬಿದ್ದರು. ಗಾಡಿ ಬದು ಬಿಟ್ಟು ಕಡಲೆ ಹೊಲಕ್ಕೆ ನುಗ್ಗಿತು. ಇಬ್ಬನಿ ಕುಡಿದ ಕಡಲೆ ಗಿಡದ ಹುಳಿ ಮೊಣಕಾಲಿನವರೆಗೆ ತಾಗಿ ಚುರುಚುರು ಅಂದಿತು. ಹಿಂದಿನಿಂದ ಕೇಳಿದ ಬೈಗುಳದಲ್ಲಿ ಅವನ ಮೂರು ತಲೆಮಾರು ಬಂದು ಹೋದವು.

ಮರಳಿನ ಹಳ್ಳವನ್ನು ದಾಟಿದ್ದಂತೂ ಸೊಗಸು. ಎತ್ತಿನ ಬಂಡಿಯೇ ಹೂತುಕೊಳ್ಳುವ ಜಾಗದಲ್ಲಿ ಗಾಡಿ ಸರ್ರನೆ ತೇಲಿತು. ಗಂಗಾಧರ ಖುಷಿ ತಡೆಯಲಾಗದೆ ಒಬ್ಬನೇ ಕೇಕೆ ಹಾಕಿದ. ಆ ಕೇಕೆ ಮುಗಿಯುವ ಮೊದಲೇ ಮಂಜಿನಲ್ಲಿ ಒಂದು ಬಂದಾರ ಗಿಡದ ಪೊದೆ, ಪೊದೆಯ ಹಿಂದೆ ಚೊಂಬು ಇಟ್ಟುಕೊಂಡು ಕೂತ ಒಬ್ಬ ಮುದುಕ ಒಮ್ಮೆಲೇ ಎದುರಾದರು. ಬ್ರೇಕು ಹಿಡಿದ. ಗಾಡಿ ನಿಂತಿತು, ಚೊಂಬು ಮಾತ್ರ ಉರುಳಿ ನೀರೆಲ್ಲ ಮರಳಿನ ಪಾಲಾಯಿತು.

ಮುದುಕ ಗಾದೆಪ್ಪ ಕುರಿ ಕಾಯುವವನು. ರಾತ್ರಿ ಹಳಸಿದ ಸಾರು ತಿಂದು ನಸುಕಿನಿಂದ ಅದು ನಾಲ್ಕನೇ ಪೊದೆ.

“ಯಾಕಲೇ, ಬೆಕ್ಕು ಬಂದಂಗ ಬರ್ತೀಯಲ್ಲ! ಮನಷಾ ಕುಂತಾನೋ ಇಲ್ಲೋ ನೋಡಬಾರದ? ಎದ್ದು ಓಡಾಕಾರ ಒಂದು ಸದ್ದು ಬೇಕೋ ಬ್ಯಾಡೋ?”

“ತಪ್ಪಾತು ಯಜ್ಜಾ. ಬ್ಯಾಟ್ರಿ ಗಾಡಿ, ಸದ್ದು ಬರಂಗಿಲ್ಲ. ಹಾರ್ನೂ ಇಲ್ಲ.”

“ಸದ್ದಿಲ್ಲದ್ದು ಊರಾಗ ತಿರಗಬಾರ್ದು. ತಡಿ.”

ಗಾದೆಪ್ಪ ಹೆಗಲ ಚೀಲದಿಂದ ಒಂದು ಕಂಚಿನ ಗಂಟೆ ತೆಗೆದ. ಮುಂದಾಳು ಟಗರಿನ ಕೊರಳ ಪಟ್ಟಿ ಹರಿದು ನಿನ್ನೆಯಷ್ಟೇ ಬಿಚ್ಚಿಟ್ಟದ್ದು. ಹಸೀ ತೊಗಲಿನ ದಾರದಲ್ಲಿ ಅದನ್ನು ಹ್ಯಾಂಡಲಿಗೆ ಬಿಗಿದು, ಕುರಿಯವರ ಗಂಟು ಹಾಕಿದ. “ಇನ್ನ ನಡಿ. ಯಾರರ ಇದ್ರ ದಾರಿ ಬಿಡ್ತಾರ,” ಅಂದವನೇ ಹೊಟ್ಟೆ ಹಿಡಿದುಕೊಂಡು ಐದನೇ ಪೊದೆಗೆ ಓಡಿದ.

ಢಣ್, ಢಣ್, ಢಣ್. ಗಂಟೆಯ ಸದ್ದಿಗೆ ಗಾಡಿಗೆ ಒಂದು ಕಳೆ ಬಂತು. ಆದರೆ ಅರ್ಧ ಫರ್ಲಾಂಗು ಹೋಗುವಷ್ಟರಲ್ಲಿ ಹಿಂದಿನಿಂದ ಮಳೆ ಬಂದ ಹಾಗೆ ಪಟಪಟ ಸದ್ದು. ಪುಷ್ಯದಲ್ಲಿ ಎಂಥ ಮಳೆ ಎಂದು ತಿರುಗಿ ನೋಡಿದ. ಮಂಜಿನೊಳಗಿಂದ ಒಂದು ಟಗರು ಬಂತು. ಅದರ ಹಿಂದೆ ಹತ್ತು ಕುರಿ. ಹತ್ತರ ಹಿಂದೆ ಹೊಲ ತುಂಬ ಕುರಿ. ಗಂಟೆ ಇದ್ದ ಕಡೆ ನಡೆಯುವುದೊಂದೇ ಅವು ಹುಟ್ಟಿದಾಗಿನಿಂದ ಕಲಿತ ವಿದ್ಯೆ. ಗಂಟೆಯ ಮೇಲೆ ಕರೀ ಕಂಬಳಿಯ ಕೊಪ್ಪೆಯೂ ಕೂತಿರುವಾಗ ಅನುಮಾನ ಪಡುವುದಾದರೂ ಏತಕ್ಕೆ?

ಗಂಗಾಧರ ಜೋರಾಗಿ ಓಡಿಸಿದ. ಗಂಟೆ ಜೋರಾಗಿ ಬಾರಿಸಿತು, ಕುರಿಗಳೂ ಜೋರಾಗಿ ಓಡಿದವು. ಮೆಲ್ಲಗೆ ಹೋದ, ಅವೂ ಮೇಯುತ್ತ ಬಂದವು. ನಿಲ್ಲಿಸಿ ಗಂಟು ಬಿಚ್ಚಲು ನೋಡಿದ. ಚಳಿಗೆ ಬೆರಳು ಮರಗಟ್ಟಿದ್ದವು, ಗಂಟು ಇನ್ನಷ್ಟು ಬಿಗಿಯಿತು. ದಾರಿ ತಪ್ಪಿಸೋಣವೆಂದು ಖಾಲಿ ಹೊಲದಲ್ಲಿ ದೊಡ್ಡದಾಗಿ ಸುತ್ತು ಹೊಡೆದ. ಕುರಿಗಳೂ ಸುತ್ತಿದವು. ಮೂರನೇ ಸುತ್ತಿಗೆ ಮೊದಲನೆಯ ಕುರಿ ಕೊನೆಯ ಕುರಿಯ ಬಾಲ ಮೂಸುತ್ತಿತ್ತು. ತಾನು ಹಿಂಡಿನ ಮುಂದಿದ್ದೇನೋ ಹಿಂದಿದ್ದೇನೋ ಎಂಬುದೇ ಗಂಗಾಧರನಿಗೆ ತಿಳಿಯದಾಯಿತು.

“ನಿಮ್ಮ ಕಾಲಿಗೆ ಬೀಳ್ತೀನ್ರೆಪಾ, ಹೋಗ್ರಿ!” ಎಂದು ಕೈಮುಗಿದ. ಟಗರು ಬ್ಯಾ ಎಂದಿತು.

ಕಂಬಳಿಯೊಳಗೆ ಫೋನು ಬಡಿದುಕೊಳ್ಳುತ್ತಿತ್ತೋ ಏನೋ, ಆ ಬ್ಯಾ ಬ್ಯಾ, ಢಣ್ ಢಣ್‌ಗಳ ನಡುವೆ ಯಾರಿಗೆ ಕೇಳಬೇಕು? ಅಷ್ಟರಲ್ಲಿ ಬ್ಯಾಟ್ರಿಯ ಮೂರು ದೀಪಗಳಲ್ಲಿ ಎರಡು ಆರಿದವು. ರಾತ್ರಿ ಕರೆಂಟು ಬಂದದ್ದೇ ನಾಲ್ಕು ಗಂಟೆಗೆ. ಗುಬ್ಬಿಹಟ್ಟಿ ಇನ್ನೊಂದೇ ದಿಬ್ಬ ಇರುವಾಗ ಮೂರನೆಯದೂ ಆರಿತು. ಗಂಗಾಧರ ಇಳಿದು ನೂಕಿದ. ಆ ದಪ್ಪ ಟೈರುಗಳಿಗೆ ಅಂಟಿದ ಎರೆಮಣ್ಣೇ ಒಂದು ಗಾಡಿಯಷ್ಟು ತೂಕವಿತ್ತು. ಅವನ ಅಳು ನೋಡಲಾರದೆಯೋ ಏನೋ, ಟಗರು ಹಿಂದೆ ಸರಿದು, ಓಡಿ ಬಂದು, ಗಾಡಿಯ ಹಿಂಭಾಗಕ್ಕೆ ಧಡ್ಡನೆ ಗುದ್ದಿತು. ಗಾಡಿ ಐದು ಮಾರು ಮುಂದೆ ಹೋಯಿತು. ಮತ್ತೆ ಗುದ್ದಿತು. ಹೀಗೆ ಟಗರು ಗುದ್ದುತ್ತ, ಗಂಗಾಧರ ಹ್ಯಾಂಡಲು ಹಿಡಿದು ಓಡುತ್ತ, ಗಂಟೆ ಬಾರಿಸುತ್ತ, ಇಡೀ ಹಿಂಡು ಮೆರವಣಿಗೆಯಲ್ಲಿ ಗುಬ್ಬಿಹಟ್ಟಿಯನ್ನು ಹೊಕ್ಕಿತು.

ಕಟ್ಟೆಯ ಪಕ್ಕದಲ್ಲಿ ಜೀಪು ನಿಂತಿತ್ತು. ಸಾಹೇಬರು ಚಹಾ ಕುಡಿದ ಲೋಟ ಕೆಳಗಿಟ್ಟು, ನಗುನಗುತ್ತ ಕಾಗದವೊಂದನ್ನು ಮಡಚುತ್ತಿದ್ದರು. ಮಡಚಿದ ಕೈ ಹಾಗೆಯೇ ನಿಂತಿತು.

ಗಂಗಾಧರ ಸುತ್ತ ನೋಡಿದ. ಕುರಿ ಕೂಡುವ ಮುಳ್ಳುಬೇಲಿಯ ದೊಡ್ಡಿಗಳೆಲ್ಲ ಖಾಲಿ. ಊರಲ್ಲಿ ಒಂದೇ ಒಂದು ಕುರಿ ಇರಲಿಲ್ಲ, ಅವನ ಹಿಂದೆ ಬಂದದ್ದನ್ನು ಬಿಟ್ಟು.

ಕುರಿಗಳ ಯಜಮಾನಿ ಓಬಮ್ಮ ಬಾಯಿ ಬಡಿದುಕೊಂಡಳು. “ಅಯ್ಯಯ್ಯೋ! ನಮ್ಮ ಕುರಿ! ನಸುಕಿನ್ಯಾಗ ಗಾದೆಪ್ಪನ ಸಂಗಾಟ ಕಂಪ್ಲಿ ಕಡಿ ಕಾಲುವಿ ಗದ್ದಿಗೆ ಮೇಯಾಕ ಹೊಂಟಿದ್ವು. ಶಿವರಾತ್ರಿ ಮಟ ಬರಾಂಗಿದ್ದಿಲ್ಲ. ಯಾವ ಮೂಳನಲೇ ಹೊಳ್ಳಿಸ್ಕಂಡು ಬಂದಾನ!”

ಜಂಬಯ್ಯ ಓಡಿ ಬಂದು ಕಿವಿಯಲ್ಲಿ ಪಿಸುಗುಟ್ಟಿದ. “ಏಳು ಸಲ ಫೋನ್ ಮಾಡೀನಲ್ಲೋ ಮಾರಾಯಾ, ಬರಬ್ಯಾಡಾ ಅಂತ! ಸಾಹೇಬ್ರು ದೊಡ್ಡಿ ನೋಡಿದ್ರು, ಖಾಲಿ ಇತ್ತು. ಓಬಮ್ಮನ್ನ ಕೇಳಿದ್ರು, ಒಂದೂ ಇಲ್ಲಂದ್ಲು.”

ಕೈಯಲ್ಲಿದ್ದ ಕಾಗದವನ್ನು ಸಾಹೇಬರು ಬಿಚ್ಚಿ ಮೆಲ್ಲಗೆ ಓದಿದರು. “‘ಖುದ್ದಾಗಿ ಪರಿಶೀಲಿಸಲಾಗಿ ಸದರಿ ಗ್ರಾಮದಲ್ಲಿ ಕುರಿಗಳು ಇರುವುದಿಲ್ಲ. ಗಣತಿದಾರರ ವರದಿ ನೂರಕ್ಕೆ ನೂರು ಸತ್ಯ. ಇವರನ್ನು ಕಾಯಂ ಮಾಡಲು ಶಿಫಾರಸು ಮಾಡಿದೆ.’ ಈಗ ತಾನೇ ಸಹಿ ಹಾಕಿದೆ ಕಣ್ರೀ ಗಂಗಾಧರ.”

“ಸಾರ್, ಅದು... ಗಂಟಿ ಸಾರ್... ಪೊದಿ ಹಿಂದ ಯಜ್ಜ...”

ಆಗಲೇ ಮರಿಯೊಂದು ಕಟ್ಟೆ ಹತ್ತಿ, ಸಾಹೇಬರ ಕೈಯಿಂದ ಶಿಫಾರಸನ್ನು ಕಚ್ಚಿ ಎಳೆದು, ಸಹಿಯ ಸಮೇತ ಅಗಿಯತೊಡಗಿತು. ಸಾಹೇಬರು ಬಿಡಿಸಿಕೊಳ್ಳಲು ಹೋಗಲಿಲ್ಲ. “ತಿನ್ನಲಿ,” ಅಂದರು. “ನೀವು ಎಣಿಸಿ. ಇಲ್ಲೇ, ನನ್ನೆದುರಿಗೆ. ಲೆಕ್ಕ ತಪ್ಪಿದರೆ ನಾಳೆಯಿಂದ ಬರಬೇಡಿ.”

“ಯಾರಲೇ ನಮ್ಮ ಕುರಿ ಎಣಿಸಾಂವ?” ಓಬಮ್ಮ ಕೋಲು ಹಿಡಿದು ಎದ್ದು ನಿಂತಳು. “ನನ್ನ ಗಂಡ ಎಣಿಸಿಲ್ಲ, ನಮ್ಮತ್ತಿ ಎಣಿಸಿಲ್ಲ. ಬಾಯಿಲೆ ಎಣಿಸಿದ್ರ ದೃಷ್ಟಿ ತಾಗಿ ಹಿಂಡು ಅರ್ಧ ಆಕ್ಕೈತಿ. ಅದಕ್ಕ ಈ ಸಾಹೇಬ್ರಿಗೂ ಒಂದೂ ಇಲ್ಲ ಅಂದೀನಿ. ಒಂದು ಅಂತ ಅನ್ನು ನೋಡೋಣು, ಕಾಲು ಮುರೀತೀನಿ!”

ಗಂಗಾಧರ ಅಂಗಲಾಚಿದ. “ಸಾರ್, ಮನಸ್ಸಿನ್ಯಾಗ ಎಣಿಸ್ಲೇನ್ರಿ?”

“ಬೇಡ. ನೀವು ಮನಸ್ಸಿನಲ್ಲಿ ಎಣಿಸಿದ್ದು ಹೇಗಿರುತ್ತೆ ಅಂತ ಗೊತ್ತಾಯಿತಲ್ಲ. ನನಗೆ ಕೇಳಿಸಬೇಕು.”

ಅಷ್ಟರಲ್ಲಿ ಕಂಬಳಿಯೊಳಗಿಂದ ಫೋನು ಬಡಿದುಕೊಂಡಿತು. ಈ ಸಲ ಕೇಳಿಸಿತು. ಎತ್ತಿದೊಡನೆ ಯಶೋಧಾ ಒಂದೇ ಉಸಿರಿನಲ್ಲಿ ಶುರು ಮಾಡಿದಳು.

“ಏನ್ರೀ, ನೀವು ಫೋನ್ ಎತ್ತಾಂಗಿಲ್ಲಂತ ಜಂಬಯ್ಯಣ್ಣ ಹಂಪಕ್ಕನ ಮನಿಗೆ ಮಾಡಿದ್ದ. ನಿಮ್ದು ಕಾಯಂ ಆತಂತಲ್ರೀ! ನಾನು ಓಣಿಗೆಲ್ಲ ಸಕ್ರಿ ಹಂಚಾಕತ್ತೀನಿ. ಅಪ್ಪಗೂ ಹೇಳೀನಿ, ಹಡಗಲಿಯಿಂದ ಬಸ್ ಹತ್ಯಾನ. ಅಳಿಯಗ ಮಾಲಿ ಹಾಕಾಕ ಬರ್ತೀನಿ ಅಂದಾನ. ಏನ್ರೀ, ಕೇಳಾಕತ್ತೇತೇನು? ಅದೇನದು ಬ್ಯಾ ಬ್ಯಾ ಅಂತ?”

ಗಂಗಾಧರ ಫೋನನ್ನು ಮೆಲ್ಲಗೆ ಕಂಬಳಿಯೊಳಗೆ ಇಳಿಬಿಟ್ಟ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. ಮಾವನ ಬಸ್ಸು ಇಷ್ಟು ಹೊತ್ತಿಗೆ ಹಡಗಲಿ ಬಿಟ್ಟಿರುತ್ತದೆ. ಅವನು ಕಣ್ಣು ಮುಚ್ಚಿ, ಎದುರಿದ್ದ ಟಗರಿನ ಕಡೆಗೆ ಬೆರಳು ತೋರಿಸಿದ.

“ಒಂದು...” ಅಂದ.

ಓಬಮ್ಮನ ಕೋಲು ಮೇಲೆದ್ದಿತು.