ಮೂವರು ಮಾರ್ಸೆಲ್‌ಗಳ ನಡುವೆ ಒಂದು ತೊಟ್ಟಿಲು

ಸೆರ್ನೆ ಊರಿನ ಕ್ಷೌರಿಕ ಆನ್ಸೆಲ್ಮ್ ಪಿಜೊಲೆಗೆ ಗಂಡುಮಗು ಹುಟ್ಟಿತೆಂದು ಊರಿಗೆ ಊರೇ ಸಂಭ್ರಮಪಟ್ಟಿತು. ಬೆವತವನು ಅವನೊಬ್ಬನೇ. ಪಾಪ, ಹೆಣ್ಣಾಗಲಿ ಎಂದು ಒಂಬತ್ತು ತಿಂಗಳೂ ಕದ್ದು ಮೇಣದಬತ್ತಿ ಹಚ್ಚಿದವನು ಅವನು.

ಕಾರಣವಿತ್ತು. ಊರಿನ ಮೇಯರು ಮಾರ್ಸೆಲ್, ಡಾಕ್ಟರು ಮಾರ್ಸೆಲ್, ದಸ್ತಾವೇಜು ಬರೆಯುವ ವಕೀಲರೂ ಮಾರ್ಸೆಲ್. (ಆ ಹೆಸರಿನವರೆಲ್ಲ ಕೇಕು ಕತ್ತರಿಸುವ ಸಂತ ಮಾರ್ಸೆಲ್‌ರ ಹಬ್ಬದ ದಿನ ಬೇಕರಿಗೆ ತಡವಾಗಿ ಹೋದವರಿಗೆ ಕೇಕಿನ ಪುಡಿಯೂ ಸಿಗುತ್ತಿರಲಿಲ್ಲ.) ಈ ಮೂವರು ಮಹನೀಯರೂ ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕೂತಾಗ ಬೇರೆ ಬೇರೆಯಾಗಿ ಕೇಳಿದ್ದು ಒಂದೇ ಮಾತು: "ಗಂಡಾದ್ರೆ ನನ್ನ ಹೆಸರೇ ತಾನೆ?" ಕತ್ತಿಯ ಕೆಳಗೆ ಕತ್ತು ಕೊಟ್ಟವರು ಹೆದರುವುದು ಲೋಕರೂಢಿ. ಈ ಅಂಗಡಿಯಲ್ಲಿ ಮಾತ್ರ ಕತ್ತಿ ಹಿಡಿದವನೇ ಗಡಗಡ ನಡುಗುತ್ತಿದ್ದ. ಮೂವರಿಗೂ "ಅಯ್ಯೋ, ಅದು ನಮ್ಮ ಭಾಗ್ಯ" ಎಂದುಬಿಟ್ಟಿದ್ದ. ಒಂದೇ ಹೆಸರಿನಲ್ಲಿ ಮೂವರ ಋಣ ತೀರುತ್ತದಲ್ಲ ಎಂದು ಒಳಗೊಳಗೇ ತನ್ನ ಬುದ್ಧಿಗೆ ತಾನೇ ಶಹಭಾಸ್ ಹೇಳಿಕೊಂಡಿದ್ದ.

ಆದರೆ ಹೆಂಡತಿ ಲಿಯೊಂತಿನ್ ಆಗಲೇ ತನ್ನಪ್ಪನಿಗೆ ಮಾತು ಕೊಟ್ಟಾಗಿತ್ತು. ಚರ್ಚಿನಲ್ಲಿ ಮಗುವನ್ನು ಹಿಡಿಯುವ ಜ್ಞಾನತಂದೆ ಅವರೇ, ಮಗುವಿಗೆ ಹೆಸರೂ ಅವರದೇ. ತೆಯೋಫಿಲ್! ನಿವೃತ್ತ ಪೊಲೀಸಪ್ಪ. ಮೀಸೆ ಇನ್ನೂ ನಿವೃತ್ತವಾಗಿರಲಿಲ್ಲ.

ಜನನದ ದಾಖಲೆಯಲ್ಲಿ ಹೆಸರು ಬರೆಸಲು ಆನ್ಸೆಲ್ಮ್ ಪುರಭವನಕ್ಕೆ ಹೋದ. ಮಾವನ ಹೆಸರನ್ನೇ ಹೇಳುವುದೆಂದು ದಾರಿಯುದ್ದಕ್ಕೂ ಜಪಿಸಿದ್ದ. ಒಳಗೆ ನೋಡಿದರೆ ಪೆನ್ನು ಹಿಡಿದು ಕೂತವರು ಸಾಕ್ಷಾತ್ ಮೇಯರು.

"ಹೆಸರು?"

"ತೆ... ತೆ..."

"ಯಾಕಪ್ಪ ತೊದಲ್ತೀಯ? ಖುಷಿಗೆ ಮಾತೇ ಬರ್ತಿಲ್ವಾ? ಮಾರ್ಸೆಲ್ ತಾನೆ?"

"ಹೌದು ಸಾಹೇಬ್ರೆ," ಎಂದ ಆನ್ಸೆಲ್ಮ್. ಶಾಯಿ ಒಣಗುವ ಮೊದಲೇ ಹೊರಗೆ ಬಿದ್ದ.

ಮನೆಗೆ ಬಂದರೆ ಲಿಯೊಂತಿನ್ ಮಂಚದಿಂದಲೇ, "ಹೆಸರು ಬರೆಸಿದ್ಯಾ?" ಎಂದಳು.

"ಬರೆಸ್ದೆ." (ಇದರಲ್ಲಿ ಸುಳ್ಳೇನಿದೆ?)

ಅಂದಿನಿಂದ ಅವನಿಗೆ ಊಟ ರುಚಿಸಲಿಲ್ಲ. ಬೀದಿಯವರು ಯಾರಾದರೂ ಮಗುವನ್ನು ಹೆಸರು ಹಿಡಿದು ಕೂಗಿಯಾರೆಂದು ಬೇಸಗೆಯಲ್ಲೂ ಕಿಟಕಿ ಜಡಿದ. ಮಗುವನ್ನು ನೋಡಲು ಡಾಕ್ಟರು ಬಂದು, "ಹೇಗಿದ್ದಾನಪ್ಪ ನಮ್ಮ ಪುಟ್ಟ ಮಾರ್..." ಎನ್ನುವಷ್ಟರಲ್ಲಿ ಆನ್ಸೆಲ್ಮ್ ಎದೆ ಒಡೆಯುವಂತೆ ಕೆಮ್ಮಿದ. ಡಾಕ್ಟರು ಗಾಬರಿಯಾಗಿ ಅವನಿಗೊಂದು ಕಹಿ ಔಷಧಿ ಬರೆದುಕೊಟ್ಟರು. ಲಿಯೊಂತಿನ್ ಎದುರು ನಿಂತು ಬಾಟಲಿ ಪೂರ್ತಿ ಕುಡಿಸಿದಳು.

"ಇಷ್ಟೊಂದು ಬೆವರ್ತಿದ್ದೀಯಲ್ಲ, ಏನಾದ್ರೂ ಹೇಳೋದಿದ್ಯಾ?"

"ನನಗಾ? ಏನೂ ಇಲ್ಲಪ್ಪ!"

"ಸರಿ ಬಿಡು," ಎಂದು ಅವಳು ಕಾಲುಚೀಲ ಹೆಣೆಯತೊಡಗಿದಳು. ಆ ಶಾಂತಿ ಕಂಡು ಅವನಿಗೆ ಇನ್ನಷ್ಟು ದಿಗಿಲಾಯಿತು.

ಚರ್ಚಿನಲ್ಲಿ ಮಗುವಿನ ತಲೆಗೆ ನೀರು ಹಾಕಿ ಹೆಸರಿಡುವ ದೀಕ್ಷಾಸ್ನಾನದ ಭಾನುವಾರ ಬಂದೇಬಿಟ್ಟಿತು. ಮಾವ ಪದಕಗಳನ್ನೆಲ್ಲ ತೂಗಿಹಾಕಿಕೊಂಡು ಮಗುವನ್ನು ಎತ್ತಿಕೊಂಡು ನಿಂತರು. ಚರ್ಚಿನ ಬಾಗಿಲಲ್ಲಿ ಕಪ್ಪು ಕೋಟು ತೊಟ್ಟ ಮೇಯರು, ಹಿಂದೆಯೇ ಡಾಕ್ಟರು, ಅವರ ಹಿಂದೆ ವಕೀಲರು. ಆನ್ಸೆಲ್ಮ್ ಕಣ್ಣು ಮುಚ್ಚಿ ಪ್ರಾರ್ಥನೆಗಿಳಿದ. ದೇವರೇ, ಈ ಪಾದ್ರಿಗೆ ಇವತ್ತೊಂದು ದಿನ ಗಂಟಲು ಕಟ್ಟಿಹೋಗಲಿ!

ಕಟ್ಟಲಿಲ್ಲ. "ಮಗುವಿನ ಹೆಸರು?" ಎಂದರು ಪಾದ್ರಿ.

"ತೆಯೋಫಿಲ್!" ಎಂದು ಮಾವ ಗುಡುಗಿದರು.

"ಮಾರ್ಸೆಲ್!" ಎಂದು ಹಿಂದಿನಿಂದ ಮೂರು ಗಂಟಲು ಒಟ್ಟಿಗೆ ಕೂಗಿದವು.

ಮಾವನ ಮೀಸೆ ನಿಮಿರಿತು. ಮೂವರು ಮಾರ್ಸೆಲ್‌ಗಳು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿ, ಕೊನೆಗೆ ನಾಲ್ವರೂ ಆನ್ಸೆಲ್ಮ್‌ನತ್ತ ತಿರುಗಿದರು. ಅವನು ಕಂಬದ ಹಿಂದೆ ಸರಿದ.

"ಮಗು ಮಾರ್ಸೆಲ್ಲೇ, ಪಾದ್ರಿಗಳೇ. ನೀರು ಹಾಕಿ," ಎಂದಳು ಲಿಯೊಂತಿನ್ ತಣ್ಣಗೆ. ಆಮೇಲೆ ಗಂಡನತ್ತ ಬಾಗಿ, "ನೀನು ಹೆಸರು ಬರೆಸಿದ ದಿನಾನೇ ಮೇಯರ್ ಹೆಂಡ್ತಿ ಬಂದು ಖುಷಿಯಿಂದ ಎಲ್ಲ ಹೇಳಿಹೋದ್ಲು ಕಣೋ ಪುಕ್ಕಲ. ನೀನಾಗಿ ಯಾವಾಗ ಬಾಯಿ ಬಿಡ್ತೀಯ ಅಂತ ಕಾದೆ, ಕಾದೆ!" ಎಂದಳು.

"ಹಾಗಾದ್ರೆ ನನಗೆ ಕೊಟ್ಟ ಮಾತು?" ಮಾವನ ದನಿಗೆ ಪದಕಗಳು ಕಿಣಿಕಿಣಿ ಎಂದವು. ಮುದುಕನ ಕಣ್ಣು ಮಾತ್ರ ಒದ್ದೆಯಾಗಿತ್ತು.

"ಮಾತು ಮಾತೇ ಅಪ್ಪ. ನಮ್ಮನೇಲಿ ಒಬ್ಬ ತೆಯೋಫಿಲ್ ಇರ್ತಾನೆ ಅಂದಿದ್ದೆ, ಇದಾನೆ," ಎಂದು ಕಂಬದ ಹಿಂದಿನಿಂದ ಗಂಡನ ತೋಳು ಹಿಡಿದು ಎಳೆದು ನಿಲ್ಲಿಸಿದಳು. "ಇವತ್ತಿಂದ ಇವನೇ."

ಮಾವ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನನ್ನ ಹೆಸರು ಕೆಡಿಸ್ಬೇಡ. ನೆಟ್ಟಗೆ ನಿಲ್ಲು!"

ಆನ್ಸೆಲ್ಮ್ ನೆಟ್ಟಗೆ ನಿಂತ. ಮಗುವಿಗಿಟ್ಟದ್ದು ತನ್ನ ಹೆಸರೇ ಎಂದುಕೊಂಡು ಮಹನೀಯರು ಮೂವರೂ ತೃಪ್ತಿಯಿಂದ ತಲೆದೂಗಿದರು. ಪಾದ್ರಿ ಮಗುವಿನ ತಲೆಗೆ ನೀರು ಹಾಕಿ, ತುಸು ಯೋಚಿಸಿ, ಮಿಕ್ಕಿದ್ದನ್ನು ತಂದೆಯ ತಲೆಗೂ ಚಿಮುಕಿಸಿದರು. ಮಗು ಅಳಲೂ ಇಲ್ಲ.

ಹೊರಗೆ ಬಂದಾಗ ಲಿಯೊಂತಿನ್ ಕೂಗಿದಳು: "ತೆಯೋಫಿಲ್, ಮಗು ಹಿಡ್ಕೊ!"

ಮಾವ ಕೈ ಚಾಚಿದರು.

"ನೀವಲ್ಲ ಅಪ್ಪ."

"ಬಂದೆ, ಬಂದೆ," ಎನ್ನುತ್ತ ಓಡಿದ ಆನ್ಸೆಲ್ಮ್.