ದೋಹಾದ ಹಿಮವೂ ಹಾಜಿಯವರ ಅನುಮಾನವೂ

ನಮ್ಮಲ್ಲಿಗೆ ಬರುವವರಿಗೆ ಚಳಿ ಹತ್ತುವುದಕ್ಕೆ ಮೊದಲೇ ಅನುಮಾನ ಹತ್ತುತ್ತದೆ. ಅವರನ್ನು ದೂರುವಂತೆಯೂ ಇಲ್ಲ. ಹೊರಗೆ ದೋಹಾದ ಬಿಸಿಲಿಗೆ ಕಾರಿನ ಸ್ಟಿಯರಿಂಗ್ ಮುಟ್ಟಲಾಗುವುದಿಲ್ಲ. ಮಾಲಿನೊಳಗೆ ಒಂದು ಬಾಗಿಲು ತಳ್ಳಿದರೆ ಹಿಮ, ಕಾಲಿಗೆ ಸ್ಕೀ ಹಲಗೆ ಕಟ್ಟಿ ಜಾರುವ ಇಳಿಜಾರು, ಮೇಲಕ್ಕೆ ಹೋಗುವ ಕುರ್ಚಿ ಲಿಫ್ಟು! ನಾನು ಬೆಳ್ತಂಗಡಿ ಕಡೆಯವನು. ಮುಐದರ್‌ನಲ್ಲಿ ಗೆಳೆಯರ ಜೊತೆ ರೂಮು, ಇಲ್ಲಿ ಲಿಫ್ಟಿನ ಬುಡದಲ್ಲಿ ಕೆಲಸ. ಜನರನ್ನು ಕುರ್ಚಿಯಲ್ಲಿ ಕೂರಿಸಿ ಅಡ್ಡಕಂಬಿ ಹಾಕುವುದು, ವಾಪಸು ಬಂದವರನ್ನು ಇಳಿಸುವುದು. ನನ್ನ ಅಮ್ಮನೇ ಇದನ್ನು ನಂಬುವುದಿಲ್ಲ. "ಕತಾರಿನಲ್ಲಿ ಎಂತ ಹಿಮ? ನಿಜ ಹೇಳು, ನಿನ್ನನ್ನು ಎಲ್ಲಿಯಾದರೂ ಕೂಡಿ ಹಾಕಿದ್ದಾರಾ?" ಅಂತ ಕೇಳಿದರು. ವಿಡಿಯೋ ಕಾಲ್ ಮಾಡಿ ತೋರಿಸಿದೆ. "ನಿನ್ನ ಫೋನಿನಲ್ಲಿ ಎಂತದೋ ಹಾಳಾಗಿದೆ, ಎಲ್ಲ ಬೆಳ್ಳಗೆ ಕಾಣ್ತದೆ" ಅಂದರು.

ಐಸಿನ ವಾಸನೆ

ನಮ್ಮ ಕಾಯಂ ಗಿರಾಕಿಗಳಲ್ಲಿ ಮೊದಲನೆಯವರು ಉಳ್ಳಾಲದ ಕಡೆಯ ಹಾಜಿಯವರು. ಮದೀನತ್ ಖಲೀಫಾದಲ್ಲಿ ಅವರದ್ದು ಹಳೆಯ ಮೀನಿನ ಅಂಗಡಿ. ಮೊದಲ ಸಲ ಬಂದವರು ಹಿಮವನ್ನು ಒಂದು ಮುಷ್ಟಿ ಎತ್ತಿ ಮೂಸಿದರು.

"ವಾಸನೆಯೇ ಇಲ್ಲವಲ್ಲ ಮಾರಾಯ."

"ಹಿಮಕ್ಕೆ ವಾಸನೆ ಇರುವುದಿಲ್ಲ ಹಾಜಿಯವರೇ."

"ನನಗೆ ಕಲಿಸಬೇಡ. ಹೆಂಡತಿಗಿಂತ ಹೆಚ್ಚು ನಾನು ಐಸಿನ ಜೊತೆ ಸಂಸಾರ ಮಾಡಿದ್ದೇನೆ. ಇಷ್ಟು ಐಸು ಸುರಿದು ಅದರಡಿಯಲ್ಲಿ ಒಂದೇ ಒಂದು ಬಂಗುಡೆ ಇಟ್ಟಿಲ್ಲ ಅಂದರೆ ಯಾರು ನಂಬುತ್ತಾರೆ? ಹಿಂದಿನ ಬಾಗಿಲಿನಲ್ಲಿ ವ್ಯಾಪಾರ ಉಂಟು."

ಅವತ್ತಿನಿಂದ ಪ್ರತಿ ಶುಕ್ರವಾರ ಸಂಜೆ ಗಾಜಿನ ಗೋಡೆಯ ಪಕ್ಕದ ಕಾಫಿ ಮೇಜು ಅವರದ್ದಾಯಿತು. ಕಣ್ಣು ಮಾತ್ರ ಹಿಂದಿನ ಕಬ್ಬಿಣದ ಬಾಗಿಲಿನ ಮೇಲೆ. ಒಂದು ಶುಕ್ರವಾರ ರಬ್ಬರ್ ಬೂಟು ಹಾಕಿದ ಇಬ್ಬರು ಆ ಬಾಗಿಲಿನಿಂದ ಮುಚ್ಚಿದ ಪೆಟ್ಟಿಗೆ ಹೊತ್ತು ಹೊರಬಂದರು. ಹಾಜಿಯವರು ಕಾಫಿ ಬಿಟ್ಟು ಓಡಿದರು. "ತೆರಿ! ಇಲ್ಲೇ ತೆರಿ!" ಆ ಇಬ್ಬರೂ ಹೆದರಿ ಮುಚ್ಚಳ ತೆಗೆದದ್ದೇ ತಡ, ಹಾಜಿಯವರು ಮುಖವನ್ನೇ ಒಳಗಿಟ್ಟು ಜೋರಾಗಿ ಉಸಿರೆಳೆದರು. ಇದ್ದದ್ದು ಬಾಡಿಗೆಯ ಕಾಲುಚೀಲಗಳು, ವಾರವಿಡೀ ಬಂದವರು ಹಾಕಿ ಬಿಟ್ಟವು, ಒಗೆತಕ್ಕೆ ಹೊರಟಿದ್ದವು.

ಹಾಜಿಯವರು ಮುಖ ಹೊರತೆಗೆದು ಕರವಸ್ತ್ರದಿಂದ ಮೂಗು ಒರೆಸಿಕೊಂಡರು. ಆಮೇಲೆ ಹೇಳಿದರು: "ಇಂಥ ಮಾಲು ನನ್ನ ಅಂಗಡಿಗೆ ಬಂದಿದ್ದರೆ ವಾಪಸು ಕಳಿಸ್ತಿದ್ದೆ."

ಕರೀ ಗೆರಿ

ಅದೇ ಮೇಜಿಗೆ ಆಮೇಲೆ ಬಂದು ಸೇರಿದವರು ಬಾಗಲಕೋಟೆಯ ಆಪರೇಟರ್ ಸಾಹೇಬರು. ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಕೆಲಸ. ರಜೆಯ ದಿನ ಇಲ್ಲಿ ಹಾಜರು. ಇಬ್ಬರೂ ಒಮ್ಮೆಯೂ ಸ್ಕೀ ಕಟ್ಟಿದವರಲ್ಲ. ಆದರೆ ಲಿಫ್ಟು ಶುಕ್ರವಾರ ಯಾಕೆ ನಿಧಾನ, ಯಾರ ಮೊಣಕಾಲು ಸರಿಯಾಗಿ ಬಗ್ಗುವುದಿಲ್ಲ, ಕಳೆದ ಸ್ಪರ್ಧೆಯಲ್ಲಿ ಯಾರನ್ನು ಬೇಕೆಂದೇ ಗೆಲ್ಲಿಸಿದರು, ಎಲ್ಲದಕ್ಕೂ ಗಾಜಿನ ಈಚೆಯಿಂದ ತೀರ್ಪು.

ಒಂದು ಜೂನ್ ಮಧ್ಯಾಹ್ನ ಸಾಹೇಬರು ಗೋಡೆಯ ದೊಡ್ಡ ನಕ್ಷೆಯ ಮುಂದೆ ನಿಂತು ನನ್ನನ್ನು ಕರೆದರು.

"ಏ ತಮ್ಮಾ, ನಕ್ಷೆದಾಗ ಮೂರು ದಾರಿ ಅದಾವು. ಹಸಿರು ಗೆರಿ ಅಲ್ಲೈತಿ, ನೀಲಿ ಗೆರಿ ಇಲ್ಲೈತಿ. ಕರೀ ಗೆರಿದು ದಾರಿ ಎಲ್ಲಿ?"

ನನಗೂ ಗೊತ್ತಿರಲಿಲ್ಲ. ಲಿಫ್ಟಿನ ಬುಡದಲ್ಲಿ ನಿಂತವನಿಗೆ ನಕ್ಷೆ ಯಾಕೆ?

ಹಾಜಿಯವರು ಕುಳಿತಲ್ಲಿಂದಲೇ ಹೇಳಿದರು: "ಕಪ್ಪು ದಾರಿ ಪಳಗಿದವರಿಗೆ ಮಾತ್ರ ಅಂತ ಲೆಕ್ಕ. ನಮ್ಮಂಥವರು ಬರಬಾರದೆಂದು ಅಡಗಿಸಿಟ್ಟಿದ್ದಾರೆ."

"ಪ್ಲಾಂಟಿನ ನಕ್ಷೆ ಓದಿ ಓದಿ ನನ್ನ ತಲಿ ಬೆಳ್ಳಗಾಗೇತಿ. ನಕ್ಷೆದಾಗ ಗೆರಿ ಇದ್ರ, ನೆಲದ ಮ್ಯಾಲೆ ದಾರಿ ಇರಾಕಬೇಕು" ಅಂದವರೇ ಸಾಹೇಬರು ದಪ್ಪ ಬಾಡಿಗೆ ಕೋಟು, ಬೂಟು, ಟೋಪಿ ಏರಿಸಿ ಒಳಗೆ ನಡೆದರು. ಗೋಡೆ ಹಿಡಿದು ಹೋದರು, ಪರದೆ ಸರಿಸಿದರು, ಒಂದು ಬಾಗಿಲು ತಳ್ಳಿದರು. ಗಂಟೆ ಕಿರುಚಿಕೊಂಡಿತು. ಬಾಗಿಲು ಹಿಂದಿನಿಂದ ಮುಚ್ಚಿತು. ಸಾಹೇಬರು ಪಾರ್ಕಿಂಗಿನಲ್ಲಿದ್ದರು. ಬೆಂಕಿ ಬಿದ್ದರೆ ಓಡಿಹೋಗುವ ದಾರಿಯನ್ನು ಯಾರೋ ಪುಣ್ಯಾತ್ಮ ನಕ್ಷೆಯಲ್ಲಿ ಕಪ್ಪು ಬಣ್ಣದಲ್ಲಿ ಎಳೆದಿದ್ದ.

ಆ ಬಾಗಿಲು ಹೊರಗಿನಿಂದ ತೆರೆಯುವುದಿಲ್ಲ. ನೆತ್ತಿಯ ಮೇಲಿನ ಬಿಸಿಲಿನಲ್ಲಿ, ಉಣ್ಣೆಯ ಟೋಪಿಯಲ್ಲಿ, ಸಾಹೇಬರು ಇಡೀ ಮಾಲನ್ನು ಸುತ್ತಿ ಮುಂಬಾಗಿಲಿಗೆ ಬಂದರು. ಸೆಕ್ಯೂರಿಟಿಯವನಿಗೆ ಸಂಶಯ ಬಂತು. "ಕಹಾಂ ಸೆ ಆಯಾ?" ಅಂದ. "ಬರ್ಫ್ ಸೆ", ಹಿಮದಿಂದ ಅಂದರು. ಸಂಶಯ ಇನ್ನೂ ಹೆಚ್ಚಾಯಿತು. ಗುರುತು ಹಿಡಿಯಲು ನನ್ನನ್ನು ಕರೆಸಿದರು.

ಮೇಜಿಗೆ ಕರೆತಂದು ಕೂರಿಸಿದೆ. ಒಂದು ಬಾಟಲಿ ನೀರು ಖಾಲಿ ಮಾಡಿ ಸಾಹೇಬರು ಹಾಜಿಯವರ ಕಡೆ ತಿರುಗಿದರು. "ಖರೇ ಐತ್ರೀ ಹಾಜಿ ಸಾಹೇಬ್ರ. ಕರೀ ಗೆರಿ ಪಳಗಿದವರಿಗೇ ಸೈ."

ನಿಂತ ಲಿಫ್ಟು

ಇದು ಕಾಯಂ ಗಿರಾಕಿಗಳದ್ದಲ್ಲ, ಒಂದೇ ಸಲ ಬಂದ ಗಂಡ ಹೆಂಡತಿಯದ್ದು. ಅದೂ ಜೂನ್ ತಿಂಗಳೇ. ನನ್ನ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಿ ಕುರ್ಚಿ ಹತ್ತಿದರು. ಕುರ್ಚಿ ಎರಡಾಳು ಎತ್ತರ ಏರುವಷ್ಟರಲ್ಲಿ ಮೇಲ್ತುದಿಯಲ್ಲಿ ಯಾರೋ ಜಾರಿಬಿದ್ದು ಲಿಫ್ಟು ನಿಂತಿತು. ನಿಂತದ್ದೇ ಮೇಲಿನಿಂದ ಮೈಸೂರು ಕಡೆಯ ಕನ್ನಡ ಉದುರತೊಡಗಿತು.

"ಮದುವೆಯಾದಾಗಿಂದ ಒಂದು ಪಾರ್ಕಿಗೆ ಕರ್ಕೊಂಡು ಹೋದವರಲ್ಲ. ಇವತ್ತು ಹಿಮ, ಹಾಟ್ ಚಾಕಲೇಟು. ಏನು ಮಾಡ್ಕೊಂಡಿದೀರಿ, ನಿಜ ಹೇಳಿ."

"ಏನೂ ಇಲ್ಲ ಕಣೆ."

"ಇಲ್ಲಿಂದ ಓಡಿಹೋಗೋಕೂ ಆಗಲ್ಲ. ಹೇಳಿ."

ಗಂಡ ಕೆಳಗೆ ನೋಡಿದರು. ಓಡಿಹೋಗಲು ನಿಜವಾಗಿಯೂ ಆಗುತ್ತಿರಲಿಲ್ಲ.

"ಅಮ್ಮ ಬರ್ತಿದಾರೆ."

"ಎಷ್ಟು ದಿನಕ್ಕೆ?"

"ಚಳಿಗಾಲ ಮುಗಿಯೋವರೆಗೆ."

"ಇದು ಜೂನು ಕಣ್ರೀ!"

"ಮೆಲ್ಲಗೆ! ನಂಗೂ ಅಷ್ಟು ದಿನ ಬೇಡ, ಅಮ್ಮನಿಗೆ ಹೇಳೋಕಾಗಲ್ಲ ಅಷ್ಟೆ. ಯಾರಾದ್ರೂ ಕೇಳಿಸ್ಕೊಂಡಾರು."

"ಯಾರಿಗೆ ಕನ್ನಡ ಬರುತ್ತೆ ಇಲ್ಲಿ? ಆ ಲಿಫ್ಟಿನವನು ನೇಪಾಳಿ."

ಲಿಫ್ಟು ಹೊರಟಿತು. ಮೇಲೆ ಹೋಗಿ ಅದೇ ಕುರ್ಚಿಯಲ್ಲಿ ವಾಪಸು ಬಂದರು. ನಾನು ಅಭ್ಯಾಸಬಲದಿಂದ, "ನಿಧಾನ ಅಕ್ಕಾ, ಜಾರ್ತದೆ" ಅಂದುಬಿಟ್ಟೆ.

ಗಂಡ ನನ್ನನ್ನು ಕೆಕ್ಕರಿಸಿ, "ನಿಮಗೆ ಕನ್ನಡ ಬರುತ್ತಾ? ಯಾವಾಗಿಂದ?" ಅಂದರು.

"ಹುಟ್ಟಿದಾಗಿನಿಂದ ಸರ್."

ಹೆಂಡತಿಯ ಮುಖ ಅರಳಿತು. "ಒಳ್ಳೇದಾಯ್ತು! ಇವರು ಏನಂದ್ರು ನೀವೂ ಕೇಳಿಸ್ಕೊಂಡ್ರಲ್ಲ? ಈಗಲೇ ಇವರ ಅಮ್ಮನಿಗೆ ಫೋನ್ ಮಾಡ್ತೀನಿ, ನೀವೇ ಸಾಕ್ಷಿ ಹೇಳಿ."

ನಾನು ಅಲ್ಲೇ ನೇಪಾಳಿಯಾಗಿಬಿಟ್ಟೆ. "ಕ್ಯಾ ಹುವಾ, ಮೇಡಂ?"

ಐವತ್ತು ದಾಟಿದವರ ಸ್ಪರ್ಧೆ

ಕಳೆದ ಚಳಿಗಾಲದಲ್ಲಿ ನಮ್ಮ ಮ್ಯಾನೇಜರಿಗೆ ಐವತ್ತು ದಾಟಿದವರಿಗೊಂದು ಸ್ಕೀ ಸ್ಪರ್ಧೆ ಇಡುವ ಹುಕಿ ಬಂತು. ಹೆಸರು ಕೊಟ್ಟವರು ಇಬ್ಬರೇ. ಒಬ್ಬರು ಆಪರೇಟರ್ ಸಾಹೇಬರು, ಇನ್ನೊಬ್ಬರು ಹಾಜಿಯವರು.

ಹಾಜಿಯವರು ಬಂದು ನನ್ನ ತೋಳು ಹಿಡಿದರು. "ನನ್ನ ಹೆಸರು ಕೊಟ್ಟದ್ದು ಯಾರು?"

"ನಿಮ್ಮ ಹೊಸ ಅಳಿಯ. ಮಾವ ಇಲ್ಲಿ ದೊಡ್ಡ ಪರಿಣತರು ಅಂತ ಹೇಳಿ ಖುಷಿಯಿಂದ ಬರೆಸಿದರು."

ಅಳಿಯನಿಗೆ ಹಾಗೆ ಹೇಳಿಟ್ಟಿದ್ದವರು ಹಾಜಿಯವರೇ. ಮದುವೆ ಮಾತುಕತೆಯ ಹೊತ್ತಿಗೆ ಬಾಯಿಗೆ ಬಂದಿತ್ತಂತೆ. ಈಗ ಹಿಂದೆ ಸರಿದರೆ ಮರ್ಯಾದೆ ಹೋಗುತ್ತದೆ, ಮುಂದೆ ಹೋದರೆ ಸೊಂಟ ಹೋಗುತ್ತದೆ. ಅವರು ಮುಖ ಗಂಟು ಹಾಕಿಕೊಂಡು ಪಿಸುಗುಟ್ಟಿದರು: "ಅವನಿಗೆ ನನ್ನ ಅಂಗಡಿಯ ಮೇಲೆ ಕಣ್ಣು ಅಂತ ನನಗೆ ನಿಶ್ಚಯದ ದಿನವೇ ಅನುಮಾನ ಇತ್ತು."

ಸ್ಪರ್ಧೆಯ ದಿನ ಬೆಳಿಗ್ಗೆ ತರಬೇತಿ ನಡೆಯಿತು. ಇಬ್ಬರೂ ನಿಂತಲ್ಲಿಂದ ಅಲುಗಲಿಲ್ಲ, ಹಾಗಾಗಿ ಬೀಳಲೂ ಇಲ್ಲ. ತರಬೇತಿ ಕೊಟ್ಟ ಹುಡುಗಿ ಇಬ್ಬರನ್ನೂ ಪಾಸ್ ಮಾಡಿದಳು. ಸಂಜೆ ಗಾಜಿನ ಹೊರಗೆ ಜನವೋ ಜನ. ಮುಂದಿನ ಸಾಲಿನಲ್ಲಿ ಮಗಳು, ಅಳಿಯ. ಅಳಿಯನ ಕೈಯಲ್ಲಿ ಕ್ಯಾಮೆರಾ.

ಇಬ್ಬರನ್ನೂ ಇಳಿಜಾರಿನ ಮೇಲ್ತುದಿಯಲ್ಲಿ ನಿಲ್ಲಿಸಿ ಸೀಟಿ ಊದಿದರು. ಸಾಹೇಬರು ಹೊರಟರು, ಅವರ ಸ್ಕೀಗಳು ಬೇರೆ ಬೇರೆ ದಿಕ್ಕಿಗೆ ಹೊರಟವು. ಅರ್ಧ ದಾರಿಯಲ್ಲಿ ಬದಿಯ ಬಲೆಗೆ ಹೋಗಿ ಸಿಕ್ಕಿಕೊಂಡು, "ಆರಾಮ ಅದೀನ್ರೀ, ಯಾರೂ ಮುಟ್ಟಬ್ಯಾಡ್ರಿ!" ಅಂತ ಕೂಗಿದರು.

ಹಾಜಿಯವರು ಹೊರಡಲೇ ಇಲ್ಲ. ಕೆಳಗೆ ನೋಡಿದರು. ಬಲೆಯ ಕಡೆ ನೋಡಿದರು. ಕ್ಯಾಮೆರಾದ ಕಡೆ ನೋಡಿದರು. ಆಮೇಲೆ ನಿಧಾನವಾಗಿ ಹಿಂದೆ ತಿರುಗಿ, ಕೆಳಗೆ ಬರುತ್ತಿದ್ದ ಖಾಲಿ ಲಿಫ್ಟ್ ಕುರ್ಚಿಯಲ್ಲಿ ಕುಳಿತರು. ಸ್ಕೀ ಜೋತಾಡಿಸುತ್ತಾ, ಮದುಮಗನ ಹಾಗೆ ಕೈ ಬೀಸುತ್ತಾ, ಸಾಹೇಬರ ತಲೆಯ ಮೇಲಿನಿಂದ ತೇಲಿ ಬಂದರು. ನಾನು ಕಂಬಿ ತೆಗೆದು ಇಳಿಸಿದೆ. ಅವರು ಬಾತುಕೋಳಿಯ ಹಾಗೆ ನಡೆದು ಹೋಗಿ ಸ್ಪರ್ಧೆ ಮುಗಿಯುವ ಕೆಂಪು ಗೆರೆ ದಾಟಿ ನಿಂತರು.

ತೀರ್ಪುಗಾರರು ತಲೆ ಕೆರೆದುಕೊಂಡರು. ಮೊದಲು ಗೆರೆ ದಾಟಿದವರು ಗೆದ್ದಂತೆ ಅಂತ ಅವರೇ ಮೈಕಿನಲ್ಲಿ ಕೂಗಿದ್ದರು, ಹೇಗೆ ಬರಬೇಕೆಂದು ಹೇಳಿರಲಿಲ್ಲ. ಇನ್ನೊಬ್ಬ ಸ್ಪರ್ಧಿಯನ್ನು ಬಲೆಯಿಂದ ಬಿಡಿಸುವ ಕೆಲಸ ನಡೆದೇ ಇತ್ತು. ಮ್ಯಾನೇಜರ್ ಗಡಿಯಾರ ನೋಡಿ, "ಖಲಾಸ್, ಯಲ್ಲಾ, ಬೇಗ ಕೊಟ್ಟುಬಿಡಿ!" ಅಂದರು. ಪದಕ ಕೊರಳಿಗೆ ಬಿತ್ತು. ಚಪ್ಪಾಳೆ. ಅಳಿಯನ ಕಣ್ಣಲ್ಲಿ ನೀರು.

ಹಾಜಿಯವರು ಮಾತ್ರ ನಗಲಿಲ್ಲ. ಫೋಟೋ ಮುಗಿದದ್ದೇ ನನ್ನನ್ನು ಪಕ್ಕಕ್ಕೆ ಎಳೆದು ಕಿವಿಯಲ್ಲಿ ಹೇಳಿದರು:

"ನಾನು ಲಿಫ್ಟಿನಲ್ಲಿ ಇಳಿದು ಬಂದದ್ದನ್ನು ಅಷ್ಟೂ ಜನ ಕಣ್ಣಾರೆ ನೋಡಿದ್ದಾರೆ. ಆದರೂ ನನಗೇ ಕೊಟ್ಟರು. ಈ ಸ್ಪರ್ಧೆಯಲ್ಲಿ ಎಂತದೋ ಮೋಸ ಉಂಟು ಮಾರಾಯ!"