ಇಟಲಿಗೆ ಒಂದು ಸಣ್ಣ ಪಾರ್ಸೆಲ್

ನಾನು ಮೂರು ಸಲ ಇಟಲಿಗೆ ಹೋಗಿ ಬಂದವನು ಎಂದು ಹೇಳಿಕೊಳ್ಳುವುದನ್ನು ಈಗ ಬಿಟ್ಟುಬಿಟ್ಟಿದ್ದೇನೆ. ಹೇಳಿದರೆ ಕೇಳಿದವರ ಮುಖ ಅರಳುತ್ತದೆ, ನಿಜ. ಆದರೆ ಅದು ನನ್ನ ಭಾಗ್ಯವನ್ನು ಕಂಡು ಅರಳುವುದಲ್ಲ. ಇಟಲಿಯ ಯಾವುದೋ ಕಾನ್ವೆಂಟಿನಲ್ಲಿರುವ ತಂಗಿಯೋ ಸೋದರತ್ತೆಯ ಮಗಳೋ ಅವರಿಗೆ ಆ ಕ್ಷಣಕ್ಕೆ ನೆನಪಾಗಿರುತ್ತಾಳೆ. ಮಂಗಳೂರಿನ ಕ್ರಿಶ್ಚಿಯನ್ನರ ಮನೆಗಳಲ್ಲಿ ಒಬ್ಬಳಾದರೂ ಕನ್ಯಾಸ್ತ್ರೀ ಆಗಿರುತ್ತಾಳೆಂದು ನನಗೆ ಗೊತ್ತಿತ್ತು. ಅವರಲ್ಲಿ ಅರ್ಧ ಮಂದಿಯನ್ನು ದೇವರು ಇಟಲಿಗೇ ಕರೆಸಿಕೊಂಡಿದ್ದಾನೆ ಎಂದು ಗೊತ್ತಾದದ್ದು ದೋಹಾಕ್ಕೆ ಬಂದ ಮೇಲೆ. ಗಲ್ಫಿನಲ್ಲಿ ಪ್ರಯಾಣಿಕನ ಸೂಟ್‌ಕೇಸು ಸಾರ್ವಜನಿಕ ಆಸ್ತಿ. ಊರಿಗೆ ಹೋಗುವವನ ಪೆಟ್ಟಿಗೆಯಲ್ಲಿ ಹತ್ತು ಮನೆಗಳ ಸೋಪು, ಸೆಂಟು, ಹಾಲಿನ ಪುಡಿ ಇರುವುದು ವಾಡಿಕೆ. ಅದನ್ನು ನಾನೂ ಮಾಡಿದ್ದೇನೆ, ಮಾಡಿಸಿಕೊಂಡೂ ಇದ್ದೇನೆ. ಆದರೆ ಇಟಲಿಗೆ ಹೋಗುವವನನ್ನಾದರೂ ಬಿಡಬಹುದಿತ್ತು.

ಮೊದಲ ಸಲ ಹೋದಾಗ ನಾನು ಸುಖಿ. ನಮ್ಮ ಕಂಪನಿ ನೀರಿನ ಪಂಪುಗಳನ್ನು ತರಿಸುತ್ತಿದ್ದದ್ದು ಅಲ್ಲಿಯ ಒಂದು ಕಾರ್ಖಾನೆಯಿಂದ. ತಯಾರಾದ ಪಂಪುಗಳನ್ನು ನೋಡಿ, ತಿರುಗಿಸಿ, ಸಹಿ ಹಾಕಿ ಬರುವ ಕೆಲಸ ನನ್ನದು. ಕೆಲಸಕ್ಕಿಂತ ನನಗೆ ಹಿಡಿಸಿದ್ದು ಅಲ್ಲಿಯ ಜನ ಬದುಕುವ ರೀತಿ. ಬೆಳಿಗ್ಗೆ ಅಂಗಡಿಯ ಕಟ್ಟೆಗೆ ಮೊಣಕೈ ಊರಿ, ನಿಂತೇ, ಔಷಧ ಕುಡಿಯುವ ಲೋಟದಷ್ಟು ಸಣ್ಣ ಕಪ್ಪಿನಲ್ಲಿ ಕಾಫಿ ಕುಡಿಯುತ್ತಾರೆ. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿ ಉಂಡು ಮಲಗುತ್ತದೆ. ಸಂಜೆ ಒಳ್ಳೆಯ ಬಟ್ಟೆ ಹಾಕಿಕೊಂಡು, ಯಾವ ಕೆಲಸವೂ ಇಲ್ಲದೆ, ಒಂದೇ ಬೀದಿಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತಾರೆ. ಕತಾರಿಗೆ ಮರಳಿದವನೇ ನಾನೂ ಇದನ್ನೆಲ್ಲ ಆರಂಭಿಸಿದೆ. ಅಡುಗೆಮನೆಯ ಕಟ್ಟೆಗೆ ಒರಗಿ ಕಾಫಿ ಕುಡಿಯುತ್ತಿದ್ದರೆ ಹೆಂಡತಿ ವಸಂತಿ, "ಕೂತ್ಕೊಂಡು ಕುಡೀರಿ, ಬಸ್ಸು ಬರ್ಲಿಕ್ಕೆ ಉಂಟಾ?" ಎಂದು ಕೇಳಿದಳು. ಸಂಜೆ ಅವಳಿಗೆ ರೇಷ್ಮೆ ಸೀರೆ ಉಡಿಸಿ ನಾವಿದ್ದ ಬಡಾವಣೆ ಮದೀನತ್ ಖಲೀಫಾದ ರಸ್ತೆಯಲ್ಲಿ ನಡೆಸಿದೆ. ಹೋಗುವ ಕಾರುಗಳೆಲ್ಲ ನಿಂತು, "ಏನು, ಕಾರು ಕೆಟ್ಟಿತಾ? ಹತ್ತಿ, ಯಲ್ಲಾ" ಎಂದು ಕರೆದವು. ಮೂರನೆಯ ದಿನ ಸೆಕೆಗೆ ಅವಳ ಸೀರೆ, ನನ್ನ ಉತ್ಸಾಹ ಎರಡೂ ತೊಪ್ಪೆಯಾದವು.

ಆ ಮೊದಲ ಪ್ರಯಾಣದಲ್ಲೇ ನನಗೆ ಒಂದು ಹುಚ್ಚು ಹಿಡಿಯಿತು. ಭಾನುವಾರ ಕಾರ್ಖಾನೆಯ ಇಂಜಿನಿಯರು ನನ್ನನ್ನು ಊಟಕ್ಕೆಂದು ಹತ್ತಿರದ ಗುಡ್ಡದ ಊರಿಗೆ ಕರೆದುಕೊಂಡು ಹೋಗಿದ್ದ. ಊಟಕ್ಕೆ ಮೊದಲು ಅಲ್ಲಿಯ ಹಳೆಯ ಇಗರ್ಜಿಯಲ್ಲಿ ಒಂದು ಚಿತ್ರ ತೋರಿಸಿದ. ಗೋಡೆಯ ತುಂಬ ಚಿತ್ರ, ಆದರೆ ಒಳಗೆ ಕತ್ತಲೆ. ಪಕ್ಕದ ಡಬ್ಬಿಗೆ ನಾಣ್ಯ ಹಾಕಿದರೆ ಒಂದು ನಿಮಿಷ ದೀಪ ಉರಿಯುತ್ತದೆ. ಉರಿಯಿತು. ಉದ್ದನೆಯ ಮೇಜು, ಊಟಕ್ಕೆ ಕುಳಿತ ಗಡ್ಡದವರು, ರೊಟ್ಟಿ, ಮೀನು, ಮೇಜಿನ ಕೆಳಗೆ ಒಂದು ಬೆಕ್ಕು. ಒಬ್ಬೊಬ್ಬರನ್ನೇ ನೋಡುತ್ತಾ ಎಡಮೂಲೆಗೆ ಬಂದೆ. ಅಲ್ಲಿ ಅಡುಗೆಮನೆಯ ಬಾಗಿಲಲ್ಲಿ ಬಾಣಲೆ ಹಿಡಿದ ಒಬ್ಬ ಹೆಂಗಸು. ನನ್ನ ಕಣ್ಣು ಅವಳ ಲಂಗದ ಅಂಚಿನಿಂದ ಮುಖಕ್ಕೆ ಏರುವಷ್ಟರಲ್ಲಿ ಟಕ್ ಎಂದು ದೀಪ ಆರಿತು. ಇಂಜಿನಿಯರನ ಬಳಿಯಾಗಲಿ ನನ್ನ ಬಳಿಯಾಗಲಿ ಮತ್ತೊಂದು ನಾಣ್ಯ ಇರಲಿಲ್ಲ. "ದೇವರು ಎಲ್ಲಿಗೂ ಹೋಗುವುದಿಲ್ಲ, ಪಾಸ್ತಾ ಆರಿಹೋಗುತ್ತದೆ" ಎಂದು ತುಂಡು ಇಂಗ್ಲಿಷಿನಲ್ಲಿ ಹೇಳಿ ನನ್ನನ್ನು ಹೊರಗೆ ಎಳೆದ. ಉಂಡವರ ಮುಖವೆಲ್ಲ ನೆನಪಿದೆ, ಬಡಿಸುವವಳದ್ದು ಮಾತ್ರ ಕಾಣಲಿಲ್ಲ. ಅದು ಮನಸ್ಸಿನಲ್ಲಿ ಹಲ್ಲಿಗೆ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಉಳಿಯಿತು. ವಸಂತಿಗೆ ಹೇಳಿಕೊಂಡೆ. "ಬಡಿಸುವವಳ ಮುಖ ನೋಡ್ಲಿಕ್ಕೆ ಇಟಲಿಗೆ ಯಾಕೆ ಹೋಗ್ಬೇಕು?" ಎಂದು ಕೇಳಿ, ಸಾರು ಬಡಿಸಿ ಹೋದಳು.

ಮರುವರ್ಷ ನಮ್ಮ ವಿಲ್ಲಾದ ಕೆಳಗಿನ ಪಾಲಿಗೆ ಫೆಲ್ಸಿಬಾಯಿ ಬಂದರು. ಮಂಗಳೂರಿನ ಬೆಂದೂರಿನವರು, ಗಂಡ ಬ್ಯಾಂಕಿನಲ್ಲಿ. ತುಂಬಾ ಒಳ್ಳೆಯ ಹೆಂಗಸು. ನನ್ನ ದುರ್ದೈವಕ್ಕೆ ಅವರ ತಂಗಿಯೂ ಇಟಲಿಯಲ್ಲಿ ಸಿಸ್ಟರ್. ನನ್ನ ಎರಡನೆಯ ಪ್ರಯಾಣದ ಹಿಂದಿನ ದಿನ ಮೆಟ್ಟಿಲಲ್ಲೇ ಹಿಡಿದರು. "ಶೆಟ್ರೇ, ಒಂದು ಸಣ್ಣ ಪಾರ್ಸೆಲ್ ಮಾರಾಯ್ರೆ. ಏನೂ ಭಾರ ಇಲ್ಲ." ಬಿಚ್ಚಿ ನೋಡಿದರೆ ಒಣ ಸಿಗಡಿ ಮತ್ತು ಕುಚ್ಚಲಕ್ಕಿ. ಮಂಗಳೂರಿನಿಂದ ದೋಹಾಕ್ಕೆ ಯಾರದೋ ಪೆಟ್ಟಿಗೆಯಲ್ಲಿ ಬಂದ ಸಿಗಡಿ, ದೋಹಾದಿಂದ ಇಟಲಿಗೆ ನನ್ನ ಪೆಟ್ಟಿಗೆಯಲ್ಲಿ ಹೊರಟಿತು. ಮರುದಿನ ಕಾರ್ಖಾನೆಯ ಮೀಟಿಂಗಿನಲ್ಲಿ ಆ ಚಳಿಯಲ್ಲೂ ಒಬ್ಬೊಬ್ಬರೇ ಎದ್ದು ಒಂದೊಂದು ಕಿಟಕಿ ತೆರೆದರು. ನನ್ನ ಅಂಗಿಗಳೆಲ್ಲ ಮಲ್ಪೆಯ ಬಂದರಿನ ವಾಸನೆ ಹೊಡೆಯುತ್ತಿದ್ದವು. ಸಿಸ್ಟರ್ ಇದ್ದದ್ದು ಬೇರೆಯೇ ದಿಕ್ಕಿನಲ್ಲಿ. ಎರಡು ಬಸ್ಸು ಬದಲಿಸಿ, ಕಾನ್ವೆಂಟಿನ ಬಾಗಿಲು ಕಾಯುವವಳ ಕೈಗೆ ಪಾರ್ಸೆಲ್ ಕೊಟ್ಟು ಬರುವಷ್ಟರಲ್ಲಿ ನನಗಿದ್ದ ಒಂದೇ ಭಾನುವಾರ ಮುಗಿದಿತ್ತು. ಆ ಬೇಸರಕ್ಕೆ ಜೇಬಿನಲ್ಲಿ ಉಳಿದಿದ್ದ ಲೀರಾ ನಾಣ್ಯಗಳನ್ನೆಲ್ಲ ತಂದು ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿಟ್ಟೆ. ಮುಂದಿನ ಸಲಕ್ಕೆ ಇರಲಿ ಎಂದು.

ಮುಂದಿನ ಸಲ ಎಂದರೆ ಕಡೆಯ ಸಲ. ಪಂಪುಗಳ ಆರ್ಡರು ಮುಗಿಯುತ್ತಾ ಬಂದಿತ್ತು. ಇದೊಂದು ಕಂತು ನೋಡಿ ಬಂದರೆ ಖಲಾಸ್ ಎಂದು ಮ್ಯಾನೇಜರು ಹೇಳಿದ್ದರು. ಸಂಬಳಕ್ಕೆ ದುಡಿಯುವವನು ಸ್ವಂತ ಖರ್ಚಿನಲ್ಲಿ ಇಟಲಿಗೆ ಹೋಗುವ ಮಾತು ಕನಸಿನಲ್ಲೂ ಇಲ್ಲ. ಆ ಬಾಣಲೆಯವಳ ಮುಖ ನೋಡಿದರೆ ಈ ಸಲ ನೋಡಬೇಕು, ಇಲ್ಲವಾದರೆ ಇಲ್ಲ. ಎರಡು ಭಾನುವಾರ ಸಿಗುವಂತೆ ದಿನ ಗೊತ್ತುಮಾಡಿದ್ದೆ. ಆದರೆ ದೇಶ ಬಿಟ್ಟು ಹೋಗಲು ಕಫೀಲರು, ಅಂದರೆ ನಮ್ಮನ್ನು ಕರೆಸಿಕೊಂಡ ಯಜಮಾನರು, ಸಹಿ ಹಾಕಬೇಕಾದ ಕಾಗದ ಅವರ ಮೇಜಿನ ಮೇಲೆ ಒಂದು ವಾರ ವಿಶ್ರಾಂತಿ ಪಡೆಯಿತು. ಒಂದು ಭಾನುವಾರ ಅಲ್ಲಿಗೇ ಹೋಯಿತು. ನಾನು ಫೆಲ್ಸಿಬಾಯಿಯ ಕಣ್ಣಿಗೆ ಬೀಳದಂತೆ ವಾರವಿಡೀ ಹಿಂದಿನ ಕಬ್ಬಿಣದ ಏಣಿಯಿಂದ ಹತ್ತಿ ಇಳಿದೆ. ಕೊನೆಗೆ ವಸಂತಿಯೇ ಅವರ ಬಳಿ, ನಮ್ಮ ಮಹಾಶಯರು ಹೊರಟಿದ್ದಾರೆಂದು ಹೇಳಿಬಿಟ್ಟಳು. ಪಾರ್ಸೆಲ್ ಬಂತು. ಜೊತೆಗೆ ಒಂದು ಸಮಾಚಾರವೂ ಬಂತು. ತಂಗಿಗೆ ವರ್ಗವಾಗಿ ಈಗ ಮುದುಕರ ಆಶ್ರಮವೊಂದರಲ್ಲಿ ಇದ್ದಾಳಂತೆ. ಊರಿನ ಹೆಸರು ಕೇಳಿ ನಾನು ಕುಣಿಯುವುದೊಂದು ಬಾಕಿ. ಅದೇ ಗುಡ್ಡದ ಊರು! ಸ್ವಾಮಿಕಾರ್ಯ, ಸ್ವಕಾರ್ಯ ಎರಡೂ ಆಯಿತು ಎಂದು ಆ ಸಲ ಸಿಗಡಿಯನ್ನು ನಾನೇ ಪ್ರೀತಿಯಿಂದ ಪ್ಯಾಕು ಮಾಡಿದೆ.

ಭಾನುವಾರ ಹತ್ತು ಗಂಟೆಗೆ ಬಸ್ಸಿನಿಂದ ಇಳಿದೆ. ಇಗರ್ಜಿಯಲ್ಲಿ ಪೂಜೆ ನಡೆಯುತ್ತಿತ್ತು. ಅದು ಮುಗಿಯುವಷ್ಟರಲ್ಲಿ ಪಾರ್ಸೆಲ್ ಕೊಟ್ಟು ಬರೋಣ ಎಂದು ಗುಡ್ಡ ಹತ್ತಿದೆ. ಸಿಸ್ಟರ್ ಪೊಟ್ಟಣ ಮೂಸಿ ನೋಡಿದರು. ಆಮೇಲೆ ನನಗಾಗಿ ತುಳುವಿನಲ್ಲಿ ಮಾತನಾಡಲು ಆರಂಭಿಸಿದವರು, ಅರ್ಧಕ್ಕೆ ನಿಲ್ಲಿಸಿ ಅತ್ತರು. ಎರಡು ವರ್ಷವಾಯಿತಂತೆ ಆ ಭಾಷೆ ಅವರ ಬಾಯಿಗೆ ಬಂದು. "ಅಣ್ಣ, ಗಂಜಿ ಉಣ್ಣದೆ ಹೋಗ್ಲಿಕ್ಕೆ ಇಲ್ಲ. ಈಗ ಬೇಯ್ತದೆ" ಎಂದರು. ಕುಚ್ಚಲಕ್ಕಿ ಈಗ ಬೇಯುವ ಜಾತಿಯದಲ್ಲ ಎಂದು ಯಾರಿಗೆ ಗೊತ್ತಿಲ್ಲ? ಗಡಿಯಾರ ಹನ್ನೊಂದೂವರೆ ಎಂದಿತು. ಹನ್ನೆರಡಕ್ಕೆ ಇಗರ್ಜಿಯ ಬಾಗಿಲು ಹಾಕುತ್ತಾರೆ. ಕಣ್ಣೊರೆಸಿಕೊಂಡು ಸಿಗಡಿ ಹುರಿಯುತ್ತಿರುವ ಆ ಹೆಂಗಸಿಗೆ, ನನಗೆ ಗೋಡೆಯ ಮೇಲಿನ ಇನ್ನೊಬ್ಬ ಹೆಂಗಸನ್ನು ನೋಡುವ ಅರ್ಜೆಂಟು ಇದೆ ಎಂದು ಯಾವ ಬಾಯಿಂದ ಹೇಳಲಿ? ಗಂಜಿ ಬಂದಾಗ ಸುಡುಸುಡುತ್ತಿದ್ದಂತೆಯೇ ಕುಡಿದು, ನಾಲಿಗೆ ಸುಟ್ಟುಕೊಂಡು, ಗುಡ್ಡ ಇಳಿದು ಓಡಿದೆ. ಬಾಗಿಲು ಹಾಕಿತ್ತು. ನಾಲ್ಕು ಗಂಟೆಗೆ ತೆರೆಯುತ್ತದೆ ಎಂದು ಬೋರ್ಡು ನೇತಾಡುತ್ತಿತ್ತು. ನನ್ನ ಬಸ್ಸು ಮೂರೂವರೆಗೆ, ಆ ದಿನಕ್ಕೆ ಅದೊಂದೇ. ಮರುದಿನ ಬೆಳಿಗ್ಗೆ ವಿಮಾನ. ಮೆಟ್ಟಿಲ ಮೇಲೆ ಕುಳಿತೆ. ಜೇಬಿನ ನಾಣ್ಯಗಳು ಕುಳಿತಲ್ಲೇ ತೊಡೆಗೆ ಒತ್ತುತ್ತಿದ್ದವು. ಸುಳ್ಳೇಕೆ ಹೇಳಲಿ, ನಲವತ್ತೆಂಟು ವರ್ಷದ ಗಂಡಸು ನಾನು, ಅತ್ತೆ.

ದೋಹಾಕ್ಕೆ ಬಂದು ಒಂದು ತಿಂಗಳಾಗಿತ್ತು. ಮೊನ್ನೆ ಶುಕ್ರವಾರ ಫೆಲ್ಸಿಬಾಯಿ ಕರೆದು, ತಂಗಿಯ ಕಾಗದ ಬಂದಿದೆ, ನಿಮ್ಮ ವಿಷಯ ಬರೆದಿದ್ದಾಳೆ ಎಂದು ಬಾಗಿಲಲ್ಲೇ ನಿಂತು ಓದಿ ಹೇಳಿದರು. ಕಾಗದ ಕೊಂಕಣಿಯಲ್ಲಿತ್ತು, ಅವರು ನನಗಾಗಿ ಕನ್ನಡ ಮಾಡಿದರು. "ಪಾರ್ಸೆಲ್ ತಂದ ಅಣ್ಣನಿಗೆ ಭಾರೀ ಅವಸರ ಇತ್ತು. ಊಟ ಆದ ಮೇಲೆ ಕೆಳಗಿನ ಇಗರ್ಜಿಗೆ ಕರ್ಕೊಂಡು ಹೋಗುವಾ ಅಂತ ಇದ್ದೆ. ಮಧ್ಯಾಹ್ನ ಬಾಗಿಲು ಹಾಕಿದ ಮೇಲೆ ಗುಡಿಸುವುದು ನಾನೇ, ಕೀ ನನ್ನ ಹತ್ರವೇ ಇರ್ತದೆ. ಅಲ್ಲಿ ಒಂದು ದೊಡ್ಡ ಹಳೇ ಚಿತ್ರ ಉಂಟು. ನಾಣ್ಯ ಎಲ್ಲ ಬೇಡ, ಹಿಂದೆ ಸ್ವಿಚ್ ಉಂಟು, ಎಷ್ಟು ಹೊತ್ತು ಬೇಕಾದ್ರೂ ನೋಡ್ಬಹುದು. ಆದ್ರೆ ಪಂಪಿನವರಿಗೆ ಇಂಥದ್ರಲ್ಲಿ ಏನು ಇಂಟರೆಸ್ಟು ಅಂತ ನಾನು ಹೇಳ್ಲಿಲ್ಲ."

"ಸ್ವಿಚ್ಚಾ?" ಎಂದೆ. ಫೆಲ್ಸಿಬಾಯಿ ಅದನ್ನು ಗಮನಿಸದೆ ಮುಂದೆ ಓದಿದರು. "ಅದ್ರ ಎಡಮೂಲೆಯಲ್ಲಿ ಒಬ್ಳು ಬಾಣಲೆ ಹಿಡ್ಕೊಂಡು ನಿಂತಿದ್ದಾಳೆ. ಅಕ್ಕ, ಅವಳು ನೋಡ್ಲಿಕ್ಕೆ ಥೇಟ್ ನಿನ್ನ ಹಾಗೇ. ಅದೇ ಮೂಗು, ಅದೇ ಹಣೆ. ಗುಡಿಸಿ ಆದ ಮೇಲೆ ದಿನಾ ಅವಳ ಎದುರು ಸ್ವಲ್ಪ ಹೊತ್ತು ಕೂತ್ಕೊಳ್ತೇನೆ." ಇಷ್ಟು ಓದಿ ಅವರು ನಾಚಿಕೊಂಡು ನಕ್ಕರು.

ನಾನು ನೋಡಿದೆ. ಎರಡು ಸಮುದ್ರ ದಾಟಿ, ಮೂರು ಸಲ ಹೋಗಿ, ನಾಣ್ಯ ಕೂಡಿಟ್ಟು, ನಾಲಿಗೆ ಸುಟ್ಟುಕೊಂಡು ಹುಡುಕಿದ ಮುಖ ನಮ್ಮ ವಿಲ್ಲಾದ ಕೆಳಗಿನ ಪಾಲಿನಲ್ಲೇ ಬಾಡಿಗೆಗೆ ಇತ್ತು. ಅದನ್ನು ಕಂಡಾಗಲೆಲ್ಲ ನಾನು ಹಿಂದಿನ ಏಣಿಯಿಂದ ತಪ್ಪಿಸಿಕೊಂಡಿದ್ದೆ. ಹಣೆಯಿಂದ ಆರಂಭಿಸಿ, ಈ ಸಲವಾದರೂ ದೀಪ ಆರುವ ಮೊದಲು ಪೂರ್ತಿ ನೋಡಿಬಿಡಬೇಕೆಂದು, ರೆಪ್ಪೆ ಬಡಿಯದೆ ನೋಡಿದೆ. ಕೈಯಲ್ಲಿ ಕಾಗದ ಹಿಡಿದಿದ್ದ ಫೆಲ್ಸಿಬಾಯಿಯ ನಗು ಮೆಲ್ಲಗೆ ಇಳಿಯಿತು.

"ಎಂಥ ಶೆಟ್ರೇ, ಹಾಗೆ ನೋಡ್ತೀರಿ?" ಎಂದರು.

ಇಟಲಿಯಲ್ಲಿ ನೋಡಲಿಕ್ಕೆ ಆಗಲಿಲ್ಲ, ಅದಕ್ಕೆ ಇಲ್ಲಿ ನೋಡುತ್ತಿದ್ದೇನೆ ಎಂದೆ. ಹೇಳಿದ ಮೇಲೆ ನನಗೇ ಅದು ಸರಿ ಕೇಳಿಸಲಿಲ್ಲ. ಅವರು ಒಂದು ಹೆಜ್ಜೆ ಹಿಂದೆ ಸರಿದು ಬಾಗಿಲು ಹಾಕಿಕೊಂಡರು, ಒಳಗಿನಿಂದ ಚಿಲಕ ಹಾಕಿದ ಸದ್ದೂ ಕೇಳಿಸಿತು. ನಾಲ್ಕು ಗಂಟೆಗೆ ತೆರೆಯುತ್ತದೆ ಎಂಬ ಬೋರ್ಡು ಕೂಡ ಇರಲಿಲ್ಲ.